ನಿಲ್ಲುವ ಬಣ್ಣ

ಕಾಯಕತತ್ತ್ವವನ್ನು ಕುರಿತು ಈ ಪತ್ರಿಕೆಯಲ್ಲಿ ಎಷ್ಟೋ ಲೇಖನಗಳು ಬಂದಿವೆ. ಕಾಯಕವು ಹೊಟ್ಟೆಪಾಡಿಗಾಗಿ ಮಾಡುವ ಉದ್ಯೋಗಮಾತ್ರವಲ್ಲ, ಅದು ಲಿಂಗಾರ್ಪಿತವಾದ ಕ್ರಿಯೆಯೆಂಬುದನ್ನೂ, ಅದರ ಫಲವು ದಾಸೋಹದಲ್ಲಿ ಪರ್ಯವಸಾನ ಹೊಂದಬೇಕೆಂಬುದನ್ನೂ ವಾಚಕರು ಬಲ್ಲರು. ಆದರೆ ಹೀಗೆ ಬಲ್ಲೆವೆಂದುಕೊಂಡಿರುವ ನಮ್ಮ ಎದುರಿಗೆ ಒಬ್ಬರು ಕೈಯಲ್ಲೊಂದು ಬಟ್ಟೆಯ ತುಂಡನ್ನು ಹಿಡಿದು ಬಂದು ನಿಂತು, ಇದರಲ್ಲಿ ನಿಮ್ಮ ತತ್ತ್ವ ಎಲ್ಲಿದೆ ತೋರಿಸಿರಿ ಎಂದು ಕೇಳಿದರೆ, ಆಗ ನಮ್ಮ ಬಲ್ಲತನದ ಪರೀಕ್ಷೆಯಾಗುತ್ತದೆ. ಅಂಥ ಪರೀಕ್ಷೆಯೊಂದು ನನಗೆ ಒದಗಿತು. ಅದನ್ನೇ ಇಲ್ಲಿ ನಿವೇದಿಸುವೆನು.

ಅಮಾವಾಸ್ಯೆಯ ಅನುಭಾವಗೋಷ್ಠಿ ಮುಗಿದು ಭಕ್ತರು ಪ್ರಸಾದಕ್ಕೆ ಏಳುತ್ತಿದ್ದ ಸಮಯ. ಮಠಕ್ಕೆ ನಡೆದುಕೊಳ್ಳುವ ಮನೆತನದ ತಾಯಿಯೊಬ್ಬರು ಶರಣಾರ್ಥಿ ಹೇಳಿ ಹತ್ತಿರ ಬಂದರು. ಅವರ ಯಜಮಾನರದು ಚಿಕ್ಕದೊಂದು ಕಿರಾಣಿ ಅಂಗಡಿ. ಮನೆಯ ಹಿತ್ತಿಲಲ್ಲಿ ಬರಿದಾಗಿದ್ದ ದನದ ಕೊಟ್ಟಿಗೆಯನ್ನು ಸಾರಿಸಿ, ಸುಣ್ಣ ಹಚ್ಚಿ, ಆ ತಾಯಿ ಅಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆ. ಹಾಕಿದ ಬಟ್ಟೆಯನ್ನು ಕತ್ತರಿಸಿ, ಕೂಡಿಸಿ ಹೊಲಿದು, ನಮ್ಮ ಹೆಂಗಳೆಯರು ಕೌದಿ ಹೊಲಿಯುವ ರೀತಿಯಲ್ಲಿಯೇ ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳನ್ನು ಮಾಡುತ್ತಾರೆ. ಧಾರವಾಡದ ಗೃಹಸ್ಥರೊಬ್ಬರು ತಮ್ಮ ಹೊಸ ಮನೆಗೆಂದು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಸೂರ್ಯೋದಯದ ಚಿತ್ರವೊಂದನ್ನು ಹೇಳಿದ್ದರು. 18,000 ರೂಪಾಯಿಗೆ ಮಾತಾಗಿ 6,000 ಮುಂಗಡ ಬಂದಿತ್ತು. ಆ ಮುಂಗಡವು ಮಗಳ ಶಾಲೆಯ ಶುಲ್ಕಕ್ಕೆ ಹೋಗಿಯೂ ಆಗಿತ್ತು. ಉದಯದ ಕೆಂಪಿಗಾಗಿ ತಾಯಿ ಕುಸುಬೆಯ ಹೂವಿನ ಬಣ್ಣವನ್ನು ಆರಿಸಿಕೊಂಡರು. ಬಣ್ಣವೇನೋ ಕಣ್ಣು ತಣಿಯುವಂತೆ ಬಂದಿತು. ಅಭ್ಯಾಸದಂತೆ ಒಂದು ಪಟ್ಟಿಯನ್ನು ಅರ್ಧ ರಟ್ಟಿನಿಂದ ಮುಚ್ಚಿ ಹತ್ತು ದಿನ ಬಿಸಿಲಿಗೆ ಇಟ್ಟರು. ತೆಗೆದು ನೋಡಿದರೆ ಮುಚ್ಚಿದ ಅರ್ಧ ಕೆಂಪು, ತೆರೆದ ಅರ್ಧ ಬಿಳಿಚಿದ ಗುಲಾಬಿ. ಚಿತ್ರವನ್ನು ತೂಗುಹಾಕುವ ಗೋಡೆಯ ಎದುರಿಗೆ ದೊಡ್ಡ ಕಿಟಕಿಯಿದೆಯೆಂದು ಆ ಗೃಹಸ್ಥರು ಮೊದಲೇ ಹೇಳಿದ್ದರು.

“ಅವರು ಕೇಳಿಲ್ಲ, ನಾವೇಕೆ ಹೇಳಬೇಕು ಎನ್ನುತ್ತಾರೆ ನಮ್ಮ ಯಜಮಾನರು. ಎರಡು ವರ್ಷದ ಮೇಲೆ ಬಣ್ಣ ಇಳಿದರೆ ಬಿಸಿಲಿನ ದೋಷವೆಂದುಕೊಳ್ಳುತ್ತಾರೆ, ನಮ್ಮದೆನ್ನುವುದಿಲ್ಲ ಎನ್ನುತ್ತಾರೆ. ಗುರುಗಳೇ, ಇದು ಕಾಯಕವೋ ಬರಿಯ ಹವ್ಯಾಸವೋ ಮೊದಲು ಹೇಳಿರಿ. ಕಾಯಕವಾದರೆ ನಾನು ಅವರಿಗೆ ಹೇಳಲೇಬೇಕು. ಹವ್ಯಾಸವಾದರೆ ಸುಮ್ಮನಿರಬಹುದೇನೋ.”

ನಾನು ಕೂಡಲೇ ಉತ್ತರ ಕೊಡಲಿಲ್ಲ. “ತಾಯಿ, ನಿಮ್ಮ ಕೆಲಸವನ್ನು ಕಣ್ಣಾರೆ ಕಾಣದೆ ಹೇಳುವುದು ಸರಿಯಲ್ಲ. ಒಂದು ದಿನ ಬರುವೆನು” ಎಂದೆನು. ಹೋದೆನು ಕೂಡ. ನನಗೆ ಬಣ್ಣಗಳ ಪರಿಚಯವಿದ್ದುದು ವ್ಯಾಕರಣ, ಅಲಂಕಾರ, ತರ್ಕಗಳ ಮೂಲಕ. ಆ ಕೊಟ್ಟಿಗೆಯಲ್ಲಿ ಎರಡು ಮಧ್ಯಾಹ್ನ ಕುಳಿತ ಮೇಲೆ, ನಮ್ಮ ಶಾಸ್ತ್ರಕಾರರು ಬಣ್ಣಗಾರರ ಬಾನಿಯ ಬಳಿ ನಿಂತು ನೋಡಿಯೇ ಬರೆದಿರಬೇಕೆಂದು ನನಗೆ ತೋರಿತು.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ನಾಲ್ಕನೆಯ ಅಧ್ಯಾಯದ ಎರಡನೆಯ ಪಾದವು ಆರಂಭವಾಗುವುದೇ ಬಣ್ಣ ಹಾಕಿದ ಬಟ್ಟೆಯ ಹೆಸರುಗಳನ್ನು ಸಾಧಿಸುವ ಸೂತ್ರದಿಂದ. ಮಂಜಿಷ್ಠದಿಂದ ಬಣ್ಣಗೊಂಡುದು ಮಾಂಜಿಷ್ಠ, ಕುಸುಂಭದಿಂದ ಆದುದು ಕೌಸುಂಭ, ಕಷಾಯದಿಂದ ಆದುದು ಕಾಷಾಯ. ಬಣ್ಣವೆಂಬ ಅರ್ಥದ ರಾಗಶಬ್ದವೇ ಅನುರಾಗವೆಂಬ ಅರ್ಥದಲ್ಲಿಯೂ ನಿಂತಿದೆ. ಅದೇ ಧಾತುವಿನಿಂದ ಬಂದ ವಿರಕ್ತನೆಂದರೆ ಬಣ್ಣ ಬಿಟ್ಟವನು. ಹಾಗಾದರೆ ವಿರಕ್ತರಲ್ಲದ ಗೃಹಸ್ಥರೆಲ್ಲರೂ ಬಣ್ಣವುಳ್ಳವರೇ ಆದರು. ಪ್ರಶ್ನೆಯಿರುವುದು ಬಣ್ಣವಿರಬೇಕೋ ಬೇಡವೋ ಎಂಬಲ್ಲಿ ಅಲ್ಲ, ಎಂಥ ಬಣ್ಣ ಎಂಬಲ್ಲಿ.

ಎಂಥ ಬಣ್ಣ ಎಂಬುದಕ್ಕೆ ಅಲಂಕಾರಶಾಸ್ತ್ರದಲ್ಲಿ ಒಂದು ಸೊಗಸಾದ ವಿಭಾಗವಿದೆ. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಪೂರ್ವರಾಗವನ್ನು ಮೂರು ಬಗೆಯಾಗಿ ಹೇಳುವನು: ನೀಲೀರಾಗ, ಕುಸುಂಭರಾಗ, ಮಂಜಿಷ್ಠಾರಾಗ. ಅತಿಯಾಗಿ ಹೊಳೆಯದಿದ್ದರೂ ಬಿಟ್ಟುಹೋಗದ ಪ್ರೇಮವು ನೀಲಿಯಂಥದು. ಹೊಳೆದು ಬಿಟ್ಟುಹೋಗುವುದು ಕುಸುಂಭದಂಥದು. ಹೊಳೆಯುವುದೂ ಹೌದು, ಬಿಟ್ಟುಹೋಗದಿರುವುದೂ ಹೌದು ಎಂಬುದು ಮಂಜಿಷ್ಠದಂಥದು. ನಾನು ಮೂವತ್ತು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಈ ಭಾಗವನ್ನು ಪಾಠ ಹೇಳುತ್ತ ಬಂದವನು. ನಾಯಕನಾಯಿಕೆಯರ ವಿಷಯವೆಂದು ಮುಗುಳ್ನಗುತ್ತ ಹೇಳಿ ಮುಗಿಸುತ್ತಿದ್ದೆನು. ಕುಸುಬೆಯ ಬಣ್ಣವು ನಿಜವಾಗಿ ಹೋಗುತ್ತದೆ, ಹತ್ತೇ ದಿನಕ್ಕೆ ಹೋಗುತ್ತದೆ, ಹಾಗೆ ಹೋದಾಗ ಒಬ್ಬ ತಾಯಿಗೆ ನಿದ್ರೆ ಕೆಡುತ್ತದೆ ಎಂಬುದು ನನಗೆ ತಿಳಿದುದು ಈ ವಯಸ್ಸಿನಲ್ಲಿ.

ಇನ್ನು ಕೊಟ್ಟಿಗೆಯಲ್ಲಿ ಕಂಡುದನ್ನು ಹೇಳುವೆನು. ಅಂಗಡಿಯಿಂದ ತಂದ ಬಟ್ಟೆ ನೋಡುವುದಕ್ಕೆ ಶುಭ್ರವಾಗಿಯೇ ಇರುತ್ತದೆ. ಆದರೆ ಅದರೊಳಗೆ ನೇಯುವಾಗ ಹಾಕಿದ ಗಂಜಿಯಿದೆ, ಹತ್ತಿಗೆ ಸಹಜವಾದ ಮೇಣದ ಅಂಶವಿದೆ. ಸೋಡಾ ಹಾಕಿ ಕುದಿಸಿದರೆ ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಬಿಳಿಯೆಂದು ನಾವು ನಂಬಿದ್ದ ಬಟ್ಟೆಯಿಂದ ಇಷ್ಟು ಕೊಳೆ ಹೊರಡುವುದನ್ನು ಕಂಡು ನನಗೆ ಮಡಿವಾಳ ಮಾಚಯ್ಯಗಳ ನೆನಪಾಯಿತು. ಸಂಸ್ಕೃತದಲ್ಲಿ ರಜಕನೆಂಬ ಹೆಸರು ಒಗೆಯುವವನಿಗೂ ಬಣ್ಣ ಹಾಕುವವನಿಗೂ ಒಂದೇ ಆಗಿರುವುದು ಸುಮ್ಮನೆ ಅಲ್ಲ. ಒಗೆಯದೆ ಹಾಕಿದ ಬಣ್ಣವು ಗಂಜಿಯ ಮೇಲೆ ಕೂಡುತ್ತದೆ, ನೂಲಿನ ಮೇಲಲ್ಲ.

ಒಗೆದ ಬಟ್ಟೆಗೂ ಬಣ್ಣ ಹಿಡಿಯುವುದಿಲ್ಲ. ಹತ್ತಿಯ ಸ್ವಭಾವವು ಉದಾಸೀನವಾದುದು. ರೇಷ್ಮೆ, ಉಣ್ಣೆಗಳಂತೆ ಅದು ಬಣ್ಣವನ್ನು ತಾನಾಗಿ ಬರಮಾಡಿಕೊಳ್ಳುವುದಿಲ್ಲ. ಆದುದರಿಂದ ಮೊದಲು ಅಳಲೆಕಾಯಿಯ ಕಷಾಯದಲ್ಲಿ ಅದ್ದಿ ಒಣಗಿಸುತ್ತಾರೆ. ಆಮೇಲೆ ಪಟಿಕದ ನೀರಿನಲ್ಲಿ ಇಡುತ್ತಾರೆ. ಬಟ್ಟೆಯ ತೂಕ ನೂರಾದರೆ ಪಟಿಕ ಹದಿನೈದರಷ್ಟು, ಅಂದರೆ ಒಂದು ಕಿಲೋ ಬಟ್ಟೆಗೆ 150 ಗ್ರಾಂ. ಅಳಲೆಯ ಒಗರು ನೂಲನ್ನು ಹಿಡಿಯುತ್ತದೆ, ಒಗರನ್ನು ಪಟಿಕ ಹಿಡಿಯುತ್ತದೆ, ಪಟಿಕವನ್ನು ಮಂಜಿಷ್ಠದ ಬೇರಿನ ಕೆಂಪು ಹಿಡಿಯುತ್ತದೆ. ಕೈ ಕೈ ಹಿಡಿದು ನಿಂತ ಭಕ್ತಗಣದಂತೆ ಈ ಕಟ್ಟು. ಈಗಿನ ರಸಾಯನಗ್ರಂಥಗಳು ಪಟಿಕದಂಥ ದ್ರವ್ಯವನ್ನು ವರ್ಣಬಂಧಕವೆಂದು ಕರೆಯುತ್ತವೆ. ಕಷಾಯವೆಂದರೆ ಒಗರುರುಚಿ, ಕಷಾಯವೆಂದರೆ ಬೇರು ತೊಗಟೆಗಳ ಕುದಿಸಿದ ರಸ, ಕಾಷಾಯವೆಂದರೆ ಸಂನ್ಯಾಸಿಯ ವಸ್ತ್ರ. ಮೂರಕ್ಕೂ ಮೂಲ ಒಂದೇ ಎಂಬುದನ್ನು ನಾನು ಕೋಶದಲ್ಲಿ ಓದಿದ್ದೆನು. ಅಳಲೆಯ ಆ ನೀರನ್ನು ನಾಲಗೆಗೆ ಹಚ್ಚಿಕೊಂಡು ನೋಡಿದ ಮೇಲೆ ಅರ್ಥವಾಯಿತು.

ದರ್ಶನಗ್ರಂಥಗಳಲ್ಲಿ ಸ್ಫಟಿಕ ಮತ್ತು ದಾಸವಾಳದ ದೃಷ್ಟಾಂತ ಪ್ರಸಿದ್ಧವಾಗಿದೆ. ದಾಸವಾಳ ಹತ್ತಿರವಿದ್ದಾಗ ಸ್ಫಟಿಕ ಕೆಂಪಾಗಿ ತೋರುತ್ತದೆ, ಹೂವನ್ನು ತೆಗೆದರೆ ಕೆಂಪೂ ಇಲ್ಲ. ಅದು ಉಪಾಧಿಯಿಂದ ಬಂದ ಬಣ್ಣ. ಬಟ್ಟೆಗೆ ಹಾಕಿದ ಬಣ್ಣವೂ ಹೊರಗಿನಿಂದ ಬಂದುದೇ. ಆದರೂ ಪಟಿಕ ಕಟ್ಟಿದ ಮಂಜಿಷ್ಠವು ಹೂವು ಸರಿದೊಡನೆ ಹೋಗುವ ಕೆಂಪಲ್ಲ. ಹೊರಗಿನಿಂದ ಬಂದುದು ಒಳಗಿನದಾಗುವ ಒಂದು ಮಾರ್ಗವಿದೆಯೆಂಬುದನ್ನು ಅದು ತೋರಿಸುತ್ತದೆ. ದೀಕ್ಷಾಸಂಸ್ಕಾರವನ್ನು ಕುರಿತು ಇದನ್ನು ಮುಂದುವರಿಸಿ ಚಿಂತಿಸಲು ಅವಕಾಶವಿದೆ. ಅದನ್ನು ಬಲ್ಲವರಿಗೆ ಬಿಡುವೆನು.

ನೀಲಿಯ ವಿಚಾರವೇ ಬೇರೆ. ಅದಕ್ಕೆ ಪಟಿಕ ಬೇಡ. ನೀಲಿಯು ನೀರಿನಲ್ಲಿ ಕರಗುವ ವಸ್ತುವಲ್ಲ. ಅದನ್ನು ಸುಣ್ಣ, ಬೆಲ್ಲ, ಬೇಯಿಸಿದ ತಗಚೆಯ ಬೀಜ ಇವುಗಳೊಡನೆ ಬಾನಿಯಲ್ಲಿ ಹಾಕಿ ದಿನಗಟ್ಟಲೆ ಹುಳಿಸಬೇಕು. ಈಚೆಗೆ ಮನೆಯಲ್ಲಿಯೇ ಬಣ್ಣ ಹಾಕುವವರು ಒಂದು ಪಾಲು ನೀಲಿ, ಎರಡು ಪಾಲು ಸುಣ್ಣ, ಮೂರು ಪಾಲು ಹಣ್ಣಿನ ಸಕ್ಕರೆ ಎಂಬ ಸುಲಭವಾದ ಲೆಕ್ಕವನ್ನೂ ಹಿಡಿದಿದ್ದಾರೆ. ಹೇಗೆ ಮಾಡಿದರೂ ಬಾನಿಯೊಳಗಿನ ನೀರು ನೀಲಿಯಾಗಿರುವುದಿಲ್ಲ, ಹಸಿರುಮಿಶ್ರಿತ ಹಳದಿಯಾಗಿರುತ್ತದೆ. ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿರುತ್ತದೆ. ಬಟ್ಟೆಯನ್ನು ಮೆಲ್ಲನೆ ಇಳಿಸಿ, ಕಲಕದೆ ಹಿಡಿದು, ಮೆಲ್ಲನೆ ಎತ್ತಬೇಕು. ಎತ್ತಿದಾಗ ಹಳದಿ. ಗಾಳಿ ತಾಗಿದಂತೆ ಹಸಿರು. ನೋಡುತ್ತಿರುವಂತೆಯೇ ನೀಲಿ. ಬಣ್ಣವು ಹುಟ್ಟುವುದು ಬಾನಿಯಲ್ಲಲ್ಲ, ಗಾಳಿಯಲ್ಲಿ. ಬಣ್ಣ ಹಾಕುವವರ ಕೈ ತನ್ನ ಕೆಲಸ ಮುಗಿಸಿ ಸರಿದ ಮೇಲೆ ಬಣ್ಣ ಬರುತ್ತದೆ. ಅಯ್ಯಾ, ನಾನು ಮಾಡಿದೆನೆಂಬುದಕ್ಕೆ ಅಲ್ಲಿ ಜಾಗವೆಲ್ಲಿದೆ?

ಹಾಗೆಂದು ಮಾಡುವವರ ಸಂಕಲ್ಪವು ವ್ಯರ್ಥವೆನ್ನುವಂತಿಲ್ಲ. ಗೋಡೆಯ ಮೇಲೆ ಆ ತಾಯಿ ಚೌಕುಳಿಯ ಕಾಗದವನ್ನು ಅಂಟಿಸಿದ್ದರು. ಒಂದು ಚೌಕಕ್ಕೆ ನಾಲ್ಕು ಅಂಗುಲವೆಂದು ಲೆಕ್ಕ. ಯಾವ ಚೌಕಕ್ಕೆ ಯಾವ ಬಣ್ಣ, ಅದಕ್ಕೆ ಎಷ್ಟು ಸಲ ಅದ್ದಿದ ನೀಲಿ, ಎಲ್ಲಿ ದಾರದಿಂದ ಬಿಗಿದು ಬಿಳಿಯನ್ನು ಉಳಿಸಬೇಕು ಎಂಬುದೆಲ್ಲ ಬರೆದಿತ್ತು. ಪಕ್ಕದಲ್ಲಿ ಒಂದು ಹಳೆಯ ಖಾತೆಪುಸ್ತಕ. ಪ್ರತಿಯೊಂದು ಪುಟದಲ್ಲಿಯೂ ಒಂದು ತುಂಡು ಬಟ್ಟೆಯನ್ನು ಅಂಟಿಸಿ, ತೂಕ, ಹೊತ್ತು, ನೀರು ಯಾವ ಬಾವಿಯದು ಎಂದು ಸಹ ಗುರುತು ಹಾಕಿದ್ದರು. ಬಣ್ಣವು ಗಾಳಿಯ ಕೃಪೆಯೆಂಬ ಮಾತು ನಿಜವಾದರೂ ಕೃಪೆಗೆ ಪಾತ್ರವನ್ನು ಅಣಿಮಾಡುವುದು ನಮ್ಮ ಕೆಲಸ. ಯಾವ ಲೆಕ್ಕವೂ ಇಲ್ಲದೆ ಮಾಡಿ, ಕೆಟ್ಟಾಗ ಶಿವನಿಚ್ಛೆಯೆನ್ನುವುದು ಭಕ್ತಿಯಲ್ಲ, ಸೋಮಾರಿತನ.

ಅಂಥ ಸೋಮಾರಿತನಕ್ಕೆ ನಾನೇ ಸಾಕ್ಷಿ. ಬಹಳ ವರ್ಷಗಳ ಹಿಂದೆ ಬಸವಜಯಂತಿಯ ನಾಟಕಕ್ಕೆಂದು ಹುಡುಗರನ್ನು ಕಟ್ಟಿಕೊಂಡು ರಂಗದ ಪರದೆಗೆ ಅರಿಷಿಣದ ಬಣ್ಣ ಹಾಕಿದ್ದೆನು. ಬಂಗಾರದಂತೆ ಬಂದಿತ್ತು. ಎಲ್ಲರೂ ಹೊಗಳಿದರು, ನಾನೂ ಹಿಗ್ಗಿದೆನು. ಮರುವರ್ಷ ತೆಗೆದಾಗ ಮಡಿಕೆಯ ಹೊರಮೈಯೆಲ್ಲ ಮಾಸಿ ಹೋಗಿತ್ತು. ಒಗೆದರೆ ಸರಿಹೋದೀತೆಂದು ಸಾಬೂನು ಹಚ್ಚಿಸಿದೆನು. ಸಾಬೂನು ತಾಗಿದಲ್ಲೆಲ್ಲ ಪರದೆ ರಕ್ತದಂತೆ ಕೆಂಪಾಯಿತು. ಹುಡುಗರು ಹೆದರಿ ಓಡಿದರು. ಅರಿಷಿಣಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದೆಂದು ಪ್ರತಿಯೊಂದು ಮನೆಯ ಅಜ್ಜಿಯೂ ಬಲ್ಲಳು. ಸಾಬೂನಿನಲ್ಲಿಯೂ ಅದೇ ಕ್ಷಾರಗುಣವಿದೆಯೆಂಬುದು ಮಾಸ್ತರನಿಗೆ ಹೊಳೆಯಲಿಲ್ಲ. ಆ ಪರದೆಯು ಮಠದ ದುಡ್ಡಿನದು. ನಾನು ಅದನ್ನು ಮಡಿಚಿ ಉಗ್ರಾಣದ ಮೂಲೆಯಲ್ಲಿಟ್ಟೆನು, ಲೆಕ್ಕದಲ್ಲಿ ಜೀರ್ಣವಾಯಿತೆಂದು ಬರೆಯಿಸಿದೆನು. ಜೀರ್ಣವಾಯಿತೆಂಬುದು ಸುಳ್ಳಲ್ಲ. ನನ್ನಿಂದ ಕೆಟ್ಟಿತೆಂಬುದನ್ನು ಬರೆಯಲಿಲ್ಲ, ಅಷ್ಟೆ. ಆ ತಾಯಿಯ ಪ್ರಶ್ನೆಗೆ ನಾನು ಕೂಡಲೇ ಉತ್ತರ ಕೊಡದಿದ್ದುದಕ್ಕೆ ಈ ಪರದೆಯೂ ಒಂದು ಕಾರಣ.

ಈಗ ಪ್ರಕೃತ ಪ್ರಶ್ನೆಯನ್ನು ಪೂರ್ವಪಕ್ಷದಿಂದ ನೋಡೋಣ. ಯಜಮಾನರ ಮಾತನ್ನು ಅಲ್ಲಗಳೆಯುವುದು ಸುಲಭ. ಆದರೆ ಅದರಲ್ಲಿ ಬಲವಿಲ್ಲದಿಲ್ಲ. ಎಲ್ಲ ಬಣ್ಣವೂ ಅನಿತ್ಯ. ಮಂಜಿಷ್ಠವೇನು ಅಮರವೇ? ನೀಲಿಯೂ ಉಜ್ಜಿದಲ್ಲಿ ತೆಳುವಾಗುತ್ತದೆ. ಹೋಗುವುದೇ ಸ್ವಭಾವವಾದಾಗ ಇಂದು ಹೋದರೇನು, ನಾಳೆ ಹೋದರೇನು? ಎರಡನೆಯದಾಗಿ, ಕೊಳ್ಳುವವರು ಕಣ್ಣಿಟ್ಟು ನೋಡಿ ಒಪ್ಪಿಕೊಳ್ಳುತ್ತಾರೆ. ಕೇಳಿದ್ದಕ್ಕೆ ಸುಳ್ಳು ಹೇಳಿದರೆ ಅಸತ್ಯ, ಕೇಳದಿದ್ದಕ್ಕೆ ಸುಮ್ಮನಿದ್ದರೆ ಅದು ಹೇಗೆ ಅಸತ್ಯವಾದೀತು? ಮೂರನೆಯದಾಗಿ, ಬಡವರ ಮನೆ, ಖರ್ಚಾಗಿ ಹೋದ ಮುಂಗಡ, ಓದುವ ಮಗಳು. ಅತ್ತ ಗೋಡೆಯ ಅಲಂಕಾರಕ್ಕೆ ಹದಿನೆಂಟು ಸಾವಿರ ಕೊಡಬಲ್ಲ ಗೃಹಸ್ಥರು. ಅವರಿಗಾಗುವ ನಷ್ಟವೆಷ್ಟು? ಆ ತಾಯಿಯ ಅತ್ತೆಯವರೂ ಇದೇ ಪಕ್ಷ. “ಬಣ್ಣ ಹೋದ್ರ ಹೋಗ್ಲಿ, ಅರಿವಿ ಉಳೀತದಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅರಿವಿಗೂ ಅರಿವೆಗೂ ಶ್ಲೇಷೆ ಕಟ್ಟುವ ಆಸೆ ನನಗಾಯಿತು. ತಡೆದುಕೊಂಡೆನು.

ಇದಕ್ಕೆ ಸಮಾಧಾನವನ್ನು ಹೇಳುವೆನು. ಎಲ್ಲವೂ ಅನಿತ್ಯವೆಂಬುದರಿಂದ ಎಲ್ಲವೂ ಸಮಾನವೆಂದಾಗುವುದಿಲ್ಲ. ಬಿಸಿಲಿಗೆ ಬಣ್ಣ ನಿಲ್ಲುವ ಶಕ್ತಿಯನ್ನು ಅಳೆಯುವುದಕ್ಕೆ ನೀಲಿಬಣ್ಣದ ಉಣ್ಣೆಯ ಎಂಟು ಪಟ್ಟಿಗಳ ಒಂದು ಮಾನವನ್ನು ಈಗಿನವರು ಇಟ್ಟುಕೊಂಡಿದ್ದಾರೆ. ಒಂದನೆಯದು ಬಹು ಬೇಗ ಮಾಸುವುದು, ಎಂಟನೆಯದು ಬಹು ಕಾಲ ನಿಲ್ಲುವುದು. ಎಂಟನೆಯದೂ ಒಂದು ದಿನ ಮಾಸುತ್ತದೆ. ಆದರೂ ಒಂದನ್ನು ಎಂಟೆಂದು ಮಾರಿದವನು ಕಳ್ಳನೇ. ಮನುಷ್ಯರೆಲ್ಲರೂ ಸಾಯುವವರೆಂಬ ಕಾರಣದಿಂದ ವೈದ್ಯನು ರೋಗವನ್ನು ಮುಚ್ಚಿಡುವಂತಿಲ್ಲವಷ್ಟೆ.

ಕೇಳಲಿಲ್ಲವೆಂಬ ಮಾತೇ ಮುಖ್ಯವಾದುದು. ಕೇಳುವುದಕ್ಕೂ ತಿಳಿವಳಿಕೆ ಬೇಕು. ಕುಸುಬೆಯ ಸ್ವಭಾವವನ್ನು ಅರಿಯದವನು ಕುಸುಬೆಯ ಪ್ರಶ್ನೆಯನ್ನು ಹೇಗೆ ಕೇಳಿಯಾನು? ಹಾಲಿಗೆ ನೀರು ಬೆರೆಸಿದರೆ ಅಳೆಯುವ ಕೊಳವೆಯಿದೆ. ತೂಕ ಕಡಿಮೆಯಾದರೆ ತಕ್ಕಡಿಯಿದೆ. ಬಣ್ಣಕ್ಕೆ ಮಾತ್ರ ಮಾರುವ ದಿನ ಸಾಕ್ಷಿಯಿಲ್ಲ. ಆ ದಿನ ಕುಸುಂಭವು ಮಂಜಿಷ್ಠಕ್ಕಿಂತ ಚೆಲುವಾಗಿಯೇ ಇರುತ್ತದೆ. ಅದು ನಿಲ್ಲುವುದೋ ಇಲ್ಲವೋ ಎಂಬುದನ್ನು ಬಲ್ಲವರು ಜಗತ್ತಿನಲ್ಲಿ ಒಬ್ಬರೇ, ಅದನ್ನು ಹಾಕಿದವರು. ಒಂದೇ ಕಡೆಗೆ ಅರಿವಿದ್ದು ಇನ್ನೊಂದು ಕಡೆಗೆ ನಂಬಿಕೆ ಮಾತ್ರ ಇದ್ದಾಗ, ಅರಿತವರ ಮೌನವು ಮೌನವಾಗಿ ಉಳಿಯುವುದಿಲ್ಲ. ನಿಲ್ಲುತ್ತದೆ ಎಂದು ಅದು ಮಾತಾಡುತ್ತದೆ. ಬಿಸಿಲಿನ ದೋಷವೆಂದುಕೊಳ್ಳುತ್ತಾರೆ ಎಂಬ ಯಜಮಾನರ ಮಾತಿನಲ್ಲಿಯೇ ಈ ಗುಟ್ಟು ಅಡಗಿದೆ. ನಮ್ಮ ತಪ್ಪಿಗೆ ಸೂರ್ಯನನ್ನು ಹೊಣೆಮಾಡುವ ಹೊಂಚು ಅದು.

ಸಾಕ್ಷಿಯಿಲ್ಲವೆಂದೆನು. ತಪ್ಪು. ನೀಲಿಯ ಕೆಲಸ ಮಾಡಿದವರ ಅಂಗೈಯನ್ನು ವಾಚಕರು ನೋಡಿರಬಹುದು. ಉಗುರಿನ ಸಂದುಗಳಲ್ಲಿ ನೀಲಿ ಕೆಲವು ದಿನ ಹೋಗುವುದೇ ಇಲ್ಲ. ಆ ತಾಯಿ ಮುಂಜಾನೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಆ ನೀಲಿಯ ಅಂಗೈಯ ಮೇಲೆಯೇ. ದೇವರು ಎಲ್ಲಿಯೋ ಗುಡಿಯಲ್ಲಿದ್ದರೆ ಕೊಟ್ಟಿಗೆಯ ವ್ಯವಹಾರವನ್ನು ಕೊಟ್ಟಿಗೆಯಲ್ಲಿ ಬಿಟ್ಟು ಬರಬಹುದಾಗಿತ್ತು. ಶರಣರು ದೇವರನ್ನು ಕೆಲಸ ಮಾಡುವ ಕೈಗೇ ತಂದುಕೊಟ್ಟರು. ಇದು ಎಂಥ ದೊಡ್ಡ ಅನುಗ್ರಹವೆಂದು ನಾವು ಹೊಗಳುತ್ತೇವೆ. ಎಂಥ ದೊಡ್ಡ ಹೊಣೆಯೆಂದು ಹೇಳುವುದು ಕಡಿಮೆ.

ಮೂರನೆಯ ಮಾತು ಬಡತನದ್ದು. ಇದಕ್ಕೆ ನಾನು ಗಟ್ಟಿಯಾಗಿ ಉತ್ತರ ಹೇಳಲಾರೆನು. ತಿಂಗಳಿಗೊಮ್ಮೆ ಸಂಬಳ ಬರುವ ನನ್ನಂಥವನು ಇನ್ನೊಬ್ಬರ ಬಡತನಕ್ಕೆ ಉಪದೇಶ ಹೇಳುವುದು ಶೋಭಿಸದು. ಆಯ್ದಕ್ಕಿ ಲಕ್ಕಮ್ಮನವರು ಹೇಳಬಲ್ಲರು. ಪತಿ ಮಾರಯ್ಯಗಳು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಹೇಳಿದ ತಾಯಿ ಅವರು. ಮನೆಯಲ್ಲಿ ಬೇರೆ ಸಿರಿಯಿತ್ತೆಂದು ಹೇಳಿದ ಮಾತಲ್ಲ ಅದು.

ಇಲ್ಲಿ ಒಂದು ಉಪಪ್ರಶ್ನೆ ಬರುತ್ತದೆ. ಬಣ್ಣ ಮಚ್ಚೆಮಚ್ಚೆಯಾಗಿ ಕೆಟ್ಟ ಬಟ್ಟೆಯನ್ನು ಇನ್ನೂ ಗಾಢವಾದ ಬಣ್ಣದಲ್ಲಿ ಅದ್ದಿ ದೋಷವನ್ನು ಮುಚ್ಚುವುದು ವಂಚನೆಯೇ? ಹಾಗೆಂದು ನಾನು ಎಣಿಸುವುದಿಲ್ಲ. ತೆಳುನೀಲಿ ಕೆಟ್ಟರೆ ಕಡುನೀಲಿ ಮಾಡಬಹುದು, ಕಡುನೀಲಿಯೂ ನಿಲ್ಲುವ ಬಣ್ಣವೇ. ಆದರೆ ಕಪ್ಪಿನ ವಿಷಯದಲ್ಲಿ ಎಚ್ಚರ ಬೇಕು. ತುಕ್ಕುಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಯಿಸಿದ ರಸವು ಅಳಲೆಯ ಒಗರಿನೊಡನೆ ಸೇರಿ ಕಪ್ಪಾಗುತ್ತದೆ. ಅದು ಎಂಥ ಮಚ್ಚೆಯನ್ನಾದರೂ ಮುಚ್ಚುತ್ತದೆ. ಅತಿಯಾದರೆ ಆ ಕಬ್ಬಿಣವೇ ವರ್ಷಗಳು ಕಳೆದಂತೆ ನೂಲನ್ನು ತಿನ್ನುತ್ತದೆ. ಇಂದಿನ ಮಚ್ಚೆಯನ್ನು ಮುಚ್ಚಿ ನಾಳಿನ ಬಟ್ಟೆಯನ್ನು ತಿನ್ನುವ ಕಪ್ಪನ್ನು, ಅದರ ಪ್ರಮಾಣವನ್ನು ಬಲ್ಲವರು ಬಲ್ಲಂತೆಯೇ ಹಾಕಬೇಕು.

ಕೊಳ್ಳುವವರ ಕಣ್ಣಿಗೆ ಬೀಳದಿರುವುದು ಇನ್ನೂ ಒಂದಿದೆ. ಬಾನಿಯಲ್ಲಿ ಉಳಿದ ನೀರು. ಬಟ್ಟೆಯೊಡನೆ ಅದು ಧಾರವಾಡಕ್ಕೆ ಹೋಗುವುದಿಲ್ಲ, ನೆರೆಮನೆಯವರ ಬಾವಿಯ ದಾರಿ ಹಿಡಿಯುತ್ತದೆ. ಅಳಲೆ, ಮಂಜಿಷ್ಠಗಳ ನೀರು ದೊಡ್ಡ ಕೇಡು ಮಾಡುವಂಥದಲ್ಲ. ಬಣ್ಣವನ್ನು ಬದಲಾಯಿಸುವುದಕ್ಕೆಂದು ಕೆಲವರು ಬಳಸುವ ಮೈಲುತುತ್ತ ಮತ್ತು ಕ್ರೋಮಿಯಂ ಲವಣಗಳು ವಿಷ. ಕೃತಕವಾದ ಕೆಲವು ಅಜೋ ಬಣ್ಣಗಳನ್ನು 1997ರಲ್ಲಿ ಭಾರತ ಸರ್ಕಾರವೇ ನಿಷೇಧಿಸಿತು. ತಮಿಳುನಾಡಿನ ತಿರುಪ್ಪೂರಿನಲ್ಲಿ ಬಣ್ಣದ ಕಾರ್ಖಾನೆಗಳ ನೀರಿನಿಂದ ನೊಯ್ಯಲ್ ನದಿ ಕೆಟ್ಟು, ಕೊನೆಗೆ 2011ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಆ ಕಾರ್ಖಾನೆಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಮಾಡಬೇಕಾಯಿತು. ಅಲ್ಲಿಯ ಬಣ್ಣವು ಬಟ್ಟೆಯ ಮೇಲೆ ಚೆನ್ನಾಗಿಯೇ ನಿಲ್ಲುತ್ತಿತ್ತು. ನೀಲಿಯ ಚರಿತ್ರೆಯೂ ಹಾಗೆಯೇ. ನಿಲ್ಲುವ ಬಣ್ಣವೆಂದು ಆಲಂಕಾರಿಕರು ಹೊಗಳಿದ ಅದೇ ನೀಲಿಗಾಗಿ ಬಿಹಾರದ ಚಂಪಾರಣ್ಯದಲ್ಲಿ ಬಿಳಿಯ ತೋಟಗಾರರು ಒಕ್ಕಲುಮಕ್ಕಳ ಭೂಮಿಯಲ್ಲಿ ಇಪ್ಪತ್ತರಲ್ಲಿ ಮೂರು ಪಾಲನ್ನು ಬಲವಂತದಿಂದ ಬೆಳೆಯಿಸುತ್ತಿದ್ದರು. ಜರ್ಮನಿಯಲ್ಲಿ ಕೃತಕ ನೀಲಿಯು 1897ರಲ್ಲಿ ಮಾರಾಟಕ್ಕೆ ಬಂದು ಗಿಡದ ನೀಲಿಯ ಬೆಲೆ ಬಿದ್ದ ಮೇಲೆಯೂ ರೈತರ ಕಷ್ಟ ತೀರಲಿಲ್ಲ, ಬಿಡುಗಡೆಯ ಹೆಸರಿನಲ್ಲಿ ಗೇಣಿಯೇ ಏರಿತು. ಗಾಂಧೀಜಿಯವರು 1917ರಲ್ಲಿ ಅಲ್ಲಿಗೆ ಹೋಗಬೇಕಾಯಿತು. ಬಣ್ಣ ನಿಂತರೆ ಸಾಲದು, ಅದರ ಹಿಂದಿನ ಕೈಗಳೂ ಅದರ ಮುಂದಿನ ನೀರೂ ಲೆಕ್ಕಕ್ಕೆ ಬರಬೇಕು.

ಇನ್ನು ಕಾಯಕವೋ ಹವ್ಯಾಸವೋ ಎಂಬ ಮೊದಲನೆಯ ಪ್ರಶ್ನೆ. ಗೋಡೆಗೆ ತೂಗುಹಾಕುವ ಚಿತ್ರದಿಂದ ಯಾರ ಹೊಟ್ಟೆ ತುಂಬುತ್ತದೆ, ಯಾರ ಮೈ ಮುಚ್ಚುತ್ತದೆ ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಜೇಡರ ದಾಸಿಮಯ್ಯಗಳು ನೇಯ್ದರು, ಕದಿರ ರೆಮ್ಮವ್ವೆ ನೂತರು, ಸೂಜಿಕಾಯಕದ ರಾಮಿತಂದೆ ಹೊಲಿದರು, ಮಾಚಯ್ಯಗಳು ಒಗೆದರು. ಇವೆಲ್ಲ ಉಡುವ ಬಟ್ಟೆಯ ಕೆಲಸಗಳು, ಉಪಯೋಗಕ್ಕೆ ಬರುವಂಥವು. ಆದರೆ ಇಳಕಲ್ಲಿನ ಸೀರೆಯನ್ನು ನೋಡಿರಿ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ, ಕೆಂಪು ಬಿಳಿಯ ತೋಪುತೆನಿಯ ಸೆರಗನ್ನು ನೇಯುತ್ತಾರೆ. ಮೈ ಮುಚ್ಚುವುದಕ್ಕೆ ಕೊಂಡಿ ಬೇಕಿಲ್ಲ, ತೆನಿ ಬೇಕಿಲ್ಲ. ಮನೆಗೆ ಬಂದ ಮೇಲೆ ಅದರ ಮೇಲೆ ಕಸೂತಿಯ ಗೋಪುರ, ತೇರು, ಆನೆಗಳನ್ನು ತೆಗೆಯುತ್ತಾರೆ. ಅದೂ ಬೇಕಿಲ್ಲ. ಬೇಕಿಲ್ಲದ್ದನ್ನೆಲ್ಲ ತೆಗೆದರೆ ನಮ್ಮ ತಾಯಂದಿರ ಕೈಯಲ್ಲಿ ಉಳಿಯುವುದು ಎಷ್ಟು?

ತಾರ್ಕಿಕರಲ್ಲಿ ಈ ಸಂದರ್ಭಕ್ಕೆ ಒಪ್ಪುವ ಒಂದು ವಾದವಿದೆ. ಬೇರೆ ಬೇರೆ ಬಣ್ಣದ ಎಳೆಗಳಿಂದಾದ ಬಟ್ಟೆಯ ಬಣ್ಣ ಯಾವುದು? ಕೆಂಪೆನ್ನಲೇ, ನೀಲಿಯೆನ್ನಲೇ? ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಬಿಳಿ, ನೀಲಿ, ಹಳದಿ, ಕೆಂಪು, ಹಸಿರು, ಕಪಿಶಗಳನ್ನು ಎಣಿಸಿದ ಮೇಲೆ ಚಿತ್ರವೆಂಬ ಏಳನೆಯ ರೂಪವನ್ನೂ ಎಣಿಸಿದೆ. ಬಟ್ಟೆ ಒಂದು, ಆದುದರಿಂದ ಅದರ ಬಣ್ಣವೂ ಒಂದೇ. ಆ ಒಂದಕ್ಕೆ ಚಿತ್ರವೆಂದು ಹೆಸರು. ಬಾಲ್ಯದಲ್ಲಿ ಇದು ನನಗೆ ಹಟದ ವಾದವೆಂದು ತೋರಿತ್ತು. ಕೊಟ್ಟಿಗೆಯಲ್ಲಿ ನಲವತ್ತು ತುಂಡುಗಳನ್ನು ನೆಲದ ಮೇಲೆ ಹರಡಿ, ಒಂದನ್ನು ಅತ್ತ ಸರಿಸಿ ಇನ್ನೊಂದನ್ನು ಇತ್ತ ತಂದು, ಥಟ್ಟನೆ ಕೈ ನಿಲ್ಲಿಸಿ ಆ ತಾಯಿ “ಈಗ ಕೂಡಿತು” ಎಂದಾಗ, ಅಲ್ಲಿ ಮೊದಲು ಇಲ್ಲದ ಏನೋ ಒಂದು ಬಂದುದನ್ನು ನಾನೂ ಕಂಡೆನು. ಅದು ಕೆಂಪಲ್ಲ, ನೀಲಿಯಲ್ಲ. ತಾರ್ಕಿಕರ ಏಳನೆಯ ಬಣ್ಣ. ಹರಿದ ಸೀರೆ, ಸವೆದ ಧೋತರಗಳ ತುಂಡುಗಳಿಂದ ನಮ್ಮ ಅಜ್ಜಿಯರು ಕೌದಿ ಹೊಲಿಯುವಾಗ ಮಾಡಿದುದೂ ಇದನ್ನೇ. ಅವರಿಗೆ ಯಾರೂ ಇದು ಕಾಯಕವೇ ಎಂದು ಕೇಳಲಿಲ್ಲ.

ಸೋಮವಾರ ಆ ತಾಯಿ ಬಂದಾಗ ನಾನು ಹೇಳಿದುದು ಇಷ್ಟೆ: “ತಾಯಿ, ನೀವು ಪ್ರಶ್ನೆಯನ್ನು ತಿರುವುಮುರುವಾಗಿ ಕೇಳಿದಿರಿ. ಕಾಯಕವಾದರೆ ಹೇಳಬೇಕೆಂದಿರಿ. ಕಾಯಕವೆಂಬುದು ಕೆಲಸಕ್ಕೆ ಮೊದಲೇ ಅಂಟಿಸಿದ ಹೆಸರಲ್ಲ. ನೇಯ್ಗೆಯಾಗಲಿ ಅಕ್ಕಿ ಆಯುವುದಾಗಲಿ ತಾನಾಗಿ ಕಾಯಕವಾಗಲಿಲ್ಲ. ನೀವು ಹೇಳಿದರೆ ಇದು ಕಾಯಕ. ಹೇಳದಿದ್ದರೆ ಹವ್ಯಾಸವೂ ಅಲ್ಲ, ವ್ಯಾಪಾರ.” ನನ್ನ ಪರದೆಯ ಕಥೆಯನ್ನೂ ಹೇಳಿದೆನು. ಅದನ್ನು ಕೇಳಿ ಅವರು ನಕ್ಕರು. ಅಲ್ಲಿಯವರೆಗೆ ಅವರ ಮುಖದಲ್ಲಿ ನಗೆಯಿರಲಿಲ್ಲ.

ದಾಸಿಮಯ್ಯಗಳ ಕಥೆಯನ್ನು ಅವರಿಗೆ ನಾನು ಹೇಳಬೇಕಾಗಿರಲಿಲ್ಲ, ಅವರಿಗೆ ಗೊತ್ತಿತ್ತು. ಬಹುಕಾಲ ಕಷ್ಟಪಟ್ಟು ನೇಯ್ದ ವಸ್ತ್ರವನ್ನು ಜಂಗಮವೇಷದಿಂದ ಬಂದ ಶಿವನು ಬೇಡಿ ಪಡೆದು, ಕಣ್ಣೆದುರಿಗೇ ಹರಿದುಹಾಕಿದನೆಂದೂ, ದಾಸಿಮಯ್ಯಗಳ ಮುಖ ಕಂದಲಿಲ್ಲವೆಂದೂ, ಆಮೇಲೆ ತವನಿಧಿ ದೊರೆಯಿತೆಂದೂ ಪುರಾಣಗಳು ಹೇಳುತ್ತವೆ. “ನಮಗೆ ತವನಿಧಿ ಬರುವುದಿಲ್ಲ ಗುರುಗಳೇ, ಅದು ಗೊತ್ತಿದ್ದೇ ಹೇಳಬೇಕು” ಎಂದರು ಆ ತಾಯಿ. ಅದಕ್ಕೆ ನಾನು ಏನನ್ನೂ ಸೇರಿಸಲಿಲ್ಲ.

ಅವರು ಧಾರವಾಡಕ್ಕೆ ಹೇಳಿ ಕಳುಹಿಸಿದರು, ಬಿಸಿಲಿಗಿಟ್ಟ ಪಟ್ಟಿಯನ್ನೂ ಜೊತೆಗೆ ಕೊಟ್ಟರು. ಗೃಹಸ್ಥರು ಸಿಟ್ಟಾಗಲಿಲ್ಲ, ಸಂತೋಷಪಡಲೂ ಇಲ್ಲ. ಬೇರೆ ಬಣ್ಣದಲ್ಲಿ ಮಾಡಿಕೊಡುವುದಾದರೆ ತೆಗೆದುಕೊಳ್ಳುವೆವು, ಗೃಹಪ್ರವೇಶಕ್ಕೆ ಸಿಗದಿರುವುದರಿಂದ 3,000 ರೂಪಾಯಿ ಕಡಿಮೆ ಕೊಡುವೆವು ಎಂದರು. ತಾಯಿ ಮಂಜಿಷ್ಠದ ಬೇರನ್ನು ತರಿಸಿದರು. ಅದರ ಕೆಂಪು ಇಟ್ಟಿಗೆಯ ಛಾಯೆಯದು, ಕುಸುಬೆಯ ತಿಳಿಗೆಂಪು ಅದರಿಂದ ಬರುವುದಿಲ್ಲ. ಚೌಕುಳಿಯ ಕಾಗದವನ್ನು ತೆಗೆದು ಹೊಸದನ್ನು ಬರೆಯಬೇಕಾಯಿತು. ಸೂರ್ಯೋದಯವಾಗಬೇಕಾಗಿದ್ದುದು ಸೂರ್ಯಾಸ್ತವಾಯಿತು, ಕೆಳಗಿನ ಹೊಲಕ್ಕೆ ಕಡುನೀಲಿ ಬಂದಿತು. ಎರಡು ತಿಂಗಳು ತಡವಾಗಿ ಹೋಯಿತು. ಆ ಎರಡು ತಿಂಗಳು ಯಜಮಾನರು ಹೆಚ್ಚು ಮಾತಾಡಲಿಲ್ಲವೆಂದು ಕೇಳಿದೆನು. ಬಾನಿಗೆ ನೀರು ಹೊರುವುದನ್ನು ಮಾತ್ರ ಬಿಡಲಿಲ್ಲವಂತೆ.

ಕುಸುಬೆಯ ಕೆಂಪು ತುಂಡುಗಳನ್ನು ಅವರ ಅತ್ತೆಯವರು ಎತ್ತಿಟ್ಟುಕೊಂಡು, ಹಳೆಯ ಧೋತರದ ತುಂಡುಗಳೊಡನೆ ಕೂಡಿಸಿ ಮೊಮ್ಮಗಳಿಗೆ ಕೌದಿ ಹೊಲಿದರು. ಮೊನ್ನೆ ಅವರ ಮನೆಗೆ ಹೋದಾಗ ಅದು ಅಂಗಳದ ಹಗ್ಗದ ಮೇಲೆ ಒಣಗುತ್ತಿತ್ತು. ಬಿಸಿಲಿನ ಕಡೆಯ ಕೆಂಪೆಲ್ಲ ಆಗಲೇ ಬಿಳಿಚಿತ್ತು.